ಬುಗುರಿಯಕ್ಕನ ಚೀಲದಲ್ಲಿದ್ದ ಬೀಗ

ಕೂತ ಕಡೆ ಕೂರದವಳು, ನಿಂತ ಕಡೆ ನಿಲ್ಲದವಳು. ಅದಕ್ಕೇ ಬೀದಿಯವರೆಲ್ಲ ಅವಳನ್ನು ಬುಗುರಿಯಕ್ಕ ಎನ್ನುತ್ತಿದ್ದರು. ಚಪ್ಪಲಿ ಸದ್ದಾದರೆ ಅವಳೇ ಬಂದಳೆಂದು ತಲೆಯೆತ್ತುವ ಅಭ್ಯಾಸ ಗೆಳತಿಯರನ್ನು ಇನ್ನೂ ಬಿಟ್ಟಿಲ್ಲ.

ಬೀದಿಯ ಮಕ್ಕಳಿಗೆಲ್ಲ ಸಮವಸ್ತ್ರ ಕೊಳ್ಳುವ ಪೋಷಕರ ಸಂಘಕ್ಕೆ ಅವಳೇ ಮುಂದಾಳು. ಅದನ್ನು ಹೊಲಿಯುತ್ತಿದ್ದ ಕಾರ್ಖಾನೆಯಲ್ಲಿ ಅವಳ ತಂಗಿ ಕಾಲರ್ ಕೂಡಿಸುತ್ತಿದ್ದಳು. ಹೇಳಿದಷ್ಟು ಅಂಗಿ ಮುಗಿಯುವವರೆಗೆ ಅಲ್ಲಿ ಬಾಗಿಲಿಗೆ ಹೊರಗಿನಿಂದ ಬೀಗ. ಒಂದು ಸಂಜೆ ಮನೆಗೆ ಬಂದ ತಂಗಿ ಯಾರೊಡನೆಯೂ ಮಾತಾಡದೆ ನೇರ ಬಚ್ಚಲಿಗೆ ಓಡಿದಳು. ಬೆಳಗಿನಿಂದ ಬಚ್ಚಲಿಗೂ ಬಿಟ್ಟಿಲ್ಲವೆಂದು ತಿಳಿದ ಅಕ್ಕ ಅಂದೇ ಚಪ್ಪಲಿ ಮೆಟ್ಟಿದಳು.

"ಬೀಗ ಹಾಕಿ ಹೊಲಿಸಿದ ಅಂಗಿ ನಮ್ಮ ಮಕ್ಕಳ ಮೈಮೇಲೆ ಬೇಡ" ಎಂದು ಮನೆಮನೆ ಅಲೆದಳು. ಸಂಘ ಒಪ್ಪಿತು, ಆರ್ಡರ್ ರದ್ದಾಯಿತು. ಮಾಲೀಕ ಕಾಲರ್ ಹೆಂಗಸರನ್ನೆಲ್ಲ ಮನೆಗೆ ಕಳಿಸಿದ.

"ಬಾಗಿಲು ತೆಗೆಸ್ತೀನಿ ಅಂದೆ. ತೆಗೆಸಿದೆ ನೋಡು, ನಮ್ಮನ್ನ ಆಚೆ ಹಾಕೋಕೆ," ಎಂದಳು ತಂಗಿ, ಪಾತ್ರೆ ಉಜ್ಜುತ್ತ.

"ನಿನಗೋಸ್ಕರಾನೇ ಕಣೇ ಮಾಡಿದ್ದು."

"ನನ್ನನ್ನ ಒಂದು ಮಾತು ಕೇಳಿದ್ಯಾ? ಊರೆಲ್ಲ ಸುತ್ತಿದೆ, ನಮ್ಮ ಅಡುಗೆಮನೆಗೆ ಬರೋಕೆ ನಿನಗೆ ಪುರುಸೊತ್ತಾಗಲಿಲ್ಲ."

ಬುಗುರಿಯಕ್ಕ ಅಡುಗೆಮನೆಯ ನೆಲದ ಮೇಲೆ ಕೂತಳು. ಕೆಲಸ ಕಳೆದುಕೊಂಡವರನ್ನೆಲ್ಲ ತಂಗಿ ಅಲ್ಲಿಗೇ ಕರೆಸಿದಳು. ಕೊಳ್ಳುವುದನ್ನು ಬಿಡಬೇಡಿ, ಕೊಳ್ಳುವಾಗ ಬೀಗ ತೆಗೆಯಿರಿ ಎಂದು ಕೇಳಿ, ಎಂದರು ಅವರು. ಕೂತಷ್ಟು ಹೊತ್ತೂ ಅಕ್ಕನ ಕಾಲು ಕುಣಿಯುತ್ತಲೇ ಇತ್ತು.

ಮರುದಿನ ಮಾಲೀಕನೆದುರು ನಿಂತಳು. "ಆರ್ಡರ್ ವಾಪಸ್ ಕೊಡ್ತೀವಿ. ಇವರನ್ನೆಲ್ಲ ಕೆಲಸಕ್ಕೆ ಕರೀರಿ, ಆ ಬೀಗ ನನ್ನ ಕೈಗೆ ಕೊಡಿ."

"ಬರೀ ಬೀಗ ತಗೊಂಡು ಏನ್ಮಾಡ್ತೀರಮ್ಮ? ಕೀ ಬೇಡ್ವಾ?"

"ಕೀ ನೀವೇ ಇಟ್ಕೊಳ್ಳಿ. ಇನ್ನೊಂದು ಬೀಗ ಕಂಡರೆ ಮಾತ್ರ ನಮ್ಮ ಬೀದಿ ನಿಮ್ಮತ್ರ ಒಂದು ಗುಂಡೀನೂ ಕೊಳ್ಳಲ್ಲ."

ಮಾಲೀಕ ಬೀಗ ಕೊಟ್ಟ, ಹೆಂಗಸರು ಕೆಲಸಕ್ಕೆ ಮರಳಿದರು. ಅಂದಿನಿಂದ ಅಕ್ಕನ ತರಕಾರಿ ಚೀಲದಲ್ಲಿ ಬೀಗ. ತರಕಾರಿಗೆ ಹೊರಟವಳು ಸುತ್ತುಬಳಸಿ ಹೋಗಿ ಆ ಬಾಗಿಲನ್ನು ದೂಡಿ ನೋಡಿಯೇ ಬರುತ್ತಿದ್ದಳು. ಕೊನೆಗೆ ಕಾಯಿಲೆ ಬಿದ್ದಾಗ ಆಸ್ಪತ್ರೆಯ ಹಾಸಿಗೆಯಲ್ಲೂ ನಿದ್ದೆಯಿಲ್ಲ, ಬಂದವರನ್ನೆಲ್ಲ, "ಬಾಗಿಲು ತೆರೆದಿತ್ತಾ?" ಎಂದೇ ಕೇಳುತ್ತಿದ್ದಳು. ಹಾಗೆ ಕೇಳುತ್ತಲೇ ಕಣ್ಣು ಮುಚ್ಚಿದಳು.

ಅವಳು ಹೋದ ವಾರವೇ ಕಾರ್ಖಾನೆಯ ಮೇಸ್ತ್ರಿ ಮನೆಗೆ ಬಂದ. ಅಕ್ಕ ಬಂಗಾರದಂಥವರು ಎಂದ. ಕಾಫಿ ಕುಡಿದ. ಲೋಟ ಇಡುತ್ತ, "ಆ ಬೀಗ ಇನ್ನು ಇಲ್ಯಾಕೆ, ಕೊಟ್ಬಿಡಿ," ಎಂದ.

"ಅಕ್ಕ ಹೋದಳು ಮೇಸ್ತ್ರೀ, ಬೀದಿ ಇಲ್ಲೇ ಇದೆ," ಎಂದಳು ತಂಗಿ.

ಮರುದಿನ ಬೆಳಿಗ್ಗೆ ಬೀಗವನ್ನು ತನ್ನ ಊಟದ ಚೀಲಕ್ಕೆ ಹಾಕಿಕೊಂಡಳು. ಭುಜ ಒಂದು ಕಡೆ ವಾಲಿತು. ಕಾರ್ಖಾನೆ ತಲುಪಿ ಒಳಗೆ ಹೋದ ಮೇಲೆ ಹಿಂತಿರುಗಿ ಬಂದು, ಬಾಗಿಲನ್ನು ಒಳಗಿನಿಂದ ಒಮ್ಮೆ ದೂಡಿ ನೋಡಿದಳು.