ಅಕ್ಕಾ ಎಂದು ಕೂಗುವ ಕೆಲಸ

ಅಥವಾ ಅದು ಪುದೀನದ ವಾಸನೆಯೇ ಅಲ್ಲದಿರಬಹುದು. ರಸೆಲ್ ಮಾರುಕಟ್ಟೆಯ ಬಾಗಿಲಲ್ಲಿ ನಿಂತ ಮೇಲೆ ಯಾವ ವಾಸನೆ ಯಾವುದರದ್ದು ಎಂದು ಬಿಡಿಸಿ ಹೇಳುವುದು ಕಷ್ಟ. ನೀರು ಚಿಮುಕಿಸಿದ ಗೋಣಿಚೀಲ, ಅದರ ಮೇಲೆ ಹರಡಿದ ಸೊಪ್ಪು, ಒಳಗಿನ ಮಾಂಸದಂಗಡಿಗಳಿಂದ ಬರುವ ಗಾಳಿ... ಎಲ್ಲ ಒಟ್ಟಿಗೆ ಮೂಗಿಗೆ ಬಡಿದಾಗ ನನ್ನ ಕೈ ತಾನಾಗಿಯೇ ಪಕ್ಕದಲ್ಲಿದ್ದ ಮಗಳ ಕೈಯನ್ನು ಹಿಡಿದುಕೊಂಡಿತು. ಅವಳು ಕಾಲೇಜು ಮುಗಿಸುತ್ತಿರುವ ಹುಡುಗಿ.

"ಅಮ್ಮಾ, ಕೈ ನೋಯ್ತಿದೆ. ನಾನೇನ್ ಕಳ್ದೋಗ್ತೀನಾ?" ಎಂದಳು.

ಶನಿವಾರ, ಭಾನುವಾರ ನಮ್ಮ ಊರಲ್ಲೇ ಪ್ರವಾಸಿಗಳಾಗಬೇಕೆಂಬುದು ಅವಳ ಯೋಜನೆ. ಟೋಪಿ, ನೀರಿನ ಬಾಟಲಿ, ಬೆನ್ನಿಗೊಂದು ಚೀಲ ಸಮೇತ ಜೀವನ್ ಬಿಮಾ ನಗರದ ಮನೆಯಿಂದ ಹೊರಡುವುದು. ಗೊತ್ತಿರುವ ಬೀದಿಗಳನ್ನು ಗೊತ್ತಿಲ್ಲದವರ ಹಾಗೆ ನೋಡುವುದು. ಯಾರಾದರೂ ಕೇಳಿದರೆ ಹೊರಗಿನವರು ಅನ್ನಬೇಕು ಎಂದು ನನಗೆ ತಾಕೀತು ಮಾಡಿದ್ದಳು. ಬೆಳಿಗ್ಗೆಯಿಂದಲೇ ನಾನು ಹೊರಡುವುದನ್ನು ಮುಂದೂಡುತ್ತ ಬಂದಿದ್ದೆ. ಬಿಸಿಲಿಗೆ ಹೆದರಿದ್ದೇನೆ ಅಂದುಕೊಂಡಿದ್ದೆ. ಮಾರುಕಟ್ಟೆಯ ಬಾಗಿಲಲ್ಲಿ ಕಾರಣ ಗೊತ್ತಾಯಿತು: ಈ ಆಟವನ್ನು ನಾನು ಮೊದಲೇ ಆಡಿದ್ದೆ, ಇದೇ ಜಾಗದಲ್ಲಿ, ಎದುರುಮನೆ ಆಂಟಿಯ ಜೊತೆ.

ಅಪ್ಪನಿಗೆ ಇಲ್ಲಿ ಕೆಲಸ ಸಿಕ್ಕಿ ನಾವು ದಾವಣಗೆರೆಯಿಂದ ಬಂದು ಮರ್ಫಿ ಟೌನಿನ ಒಂದು ವಠಾರ ಸೇರಿದಾಗ ನಾನು ಒಂದನೆಯ ಕ್ಲಾಸಿನಲ್ಲೋ ಎರಡನೆಯದರಲ್ಲೋ ಇದ್ದೆ. ನಮ್ಮ ಬಾಗಿಲಿಗೆ ಎದುರು ಬಾಗಿಲು ಆಂಟಿಯದು. ಗಂಡ ಹೆಂಡತಿ ಇಬ್ಬರೇ. ಮಗಳು ಬೇರೆ ಜಾತಿಯ ಹುಡುಗನ ಜೊತೆ ಹೋಗಿ ಮದುವೆಯಾಗಿದ್ದಳು. ಅವಳ ಅಪ್ಪ ಹಲಸೂರು ಕೆರೆಯ ಹತ್ತಿರ ಹೋಗಿ, ಬದುಕಿದ್ದ ಮಗಳಿಗೆ ಎಳ್ಳುನೀರು ಬಿಟ್ಟು, ತಲೆಗೆ ಸ್ನಾನ ಮಾಡಿ ಬಂದಿದ್ದರು. ಅಲ್ಲಿಗೆ ಅವಳು ಆ ಮನೆಯ ಪಾಲಿಗೆ ಸತ್ತಳು. ಇದೆಲ್ಲ ನಾವು ಬರುವ ಮೊದಲೇ ಆಗಿಹೋಗಿತ್ತು. ಅಮ್ಮ ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಆ ಮನೆಯಲ್ಲಿ ಒಂದು ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ ಎಂದು ಬರೆಯಹೊರಟಿದ್ದೆ. ಎತ್ತದ ಹೆಸರು ಒಂದು ಮಗುವಿಗೆ ಗೊತ್ತಾಗುವುದು ಹೇಗೆ? ಹಾಗಾದರೆ ಅದೂ ಅಮ್ಮನ ಮಾತಿರಬೇಕು. ಕೇಳೋಣವೆಂದರೆ ಅಮ್ಮ ಈಗಿಲ್ಲ.

ಎಳ್ಳುನೀರು ಬಿಟ್ಟ ಮನೆಯವರು ಆ ವ್ಯಕ್ತಿಯನ್ನು ಮತ್ತೆ ಕೂಗಿ ಕರೆಯಬಾರದು, ಕರೆದರೆ ಆ ಜೀವಕ್ಕೇ ಕೇಡು ಎಂದು ವಠಾರದ ಹೆಂಗಸರು ನಂಬಿದ್ದರು. ಆಂಟಿಯೂ ನಂಬಿದ್ದರು. ಆ ನಂಬಿಕೆ ಮಗಳನ್ನು ಹುಡುಕದಂತೆ ಅವರನ್ನು ತಡೆಯಲಿಲ್ಲ, ಕರೆಯದಂತೆ ಮಾತ್ರ ತಡೆಯಿತು. ಶಿವಾಜಿನಗರದಲ್ಲಿ ಅವಳನ್ನು ಕಂಡೆ ಎಂದು ಯಾರೋ ಅವರ ಕಿವಿಯಲ್ಲಿ ಹೇಳಿದ್ದರಂತೆ. ಕರೆಯಲು ಆ ಮನೆಗೆ ಸೇರದ ಒಂದು ಬಾಯಿ ಬೇಕಿತ್ತು. ನಾನು ಸಿಕ್ಕಿದೆ.

ಶನಿವಾರ ಮಧ್ಯಾಹ್ನ ನನ್ನ ತಲೆ ಬಾಚಿ, ಪೌಡರ್ ಹಾಕಿ ಹೊರಡಿಸುತ್ತಿದ್ದರು. ಅಂಕಲ್ ಹೊಸಿಲ ಮೇಲೆ ಕೂತಿರುತ್ತಿದ್ದರು.

"ಪಾಪುಗೆ ಊರು ತೋರಿಸ್ಕೊಂಡ್ ಬರ್ತೀನಿ. ಪಾಪ, ಹೊಸಬರು."

"ಹೋದ್ ವಾರ ತೋರಿಸಿದ ಊರು ಈ ವಾರದೊಳಗೆ ಬದಲಾಗೋಯ್ತಾ?"

ಅಷ್ಟು ಹೇಳಿ ಅಂಕಲ್ ಕಾಲು ಮಡಿಸಿಕೊಂಡು ದಾರಿ ಬಿಡುತ್ತಿದ್ದರು. ಅವರಿಗೆ ಗೊತ್ತಿತ್ತೇ? ಗೊತ್ತಿದ್ದೂ ಬಿಡುತ್ತಿದ್ದರೇ?

ಈ ಮಾತುಗಳು ನನಗೆ ಕೇಳಿಸುವುದು ಕನ್ನಡದಲ್ಲಿ. ಆದರೆ ಅವರದು ತಮಿಳಿನ ಮನೆ, ಆಂಟಿಗೆ ಕನ್ನಡ ಬರುತ್ತಿದ್ದುದು ಅಲ್ಪಸ್ವಲ್ಪ ಎಂದು ಅಮ್ಮ ಹೇಳುತ್ತಿದ್ದಳು. ನನಗಾಗ ತಮಿಳು ಬರುತ್ತಿರಲಿಲ್ಲ. ಅಂದರೆ ಅವರ ಬಾಯಿಗೆ ಈ ವಾಕ್ಯಗಳನ್ನು ಕೊಟ್ಟವಳು ನಾನೇ, ಯಾವಾಗಲೋ, ನನಗೆ ತಿಳಿಯದಂತೆ. ಮಾತನ್ನೇ ಹೊಲಿದುಕೊಂಡವಳು ಇನ್ನೇನನ್ನೆಲ್ಲ ಹೊಲಿದಿದ್ದೇನೋ...

ಕೆರೆಯ ದಂಡೆ, ಸೋಮೇಶ್ವರ ಗುಡಿಯ ಮುಂದಿನ ಬೀದಿ, ಶಿವಾಜಿನಗರದ ಬಸ್ ನಿಲ್ದಾಣ, ಕೊನೆಗೆ ಮಾರುಕಟ್ಟೆ. "ನೋಡು, ಕೆರೆ" ಅನ್ನುತ್ತಿದ್ದರು. ನಾನು ಕೆರೆ ನೋಡುತ್ತಿದ್ದೆ. ಅವರು ಕೆರೆ ನೋಡಲು ಬಂದವರನ್ನು ನೋಡುತ್ತಿದ್ದರು. ಅವರ ಅಂಗೈ ಯಾವಾಗಲೂ ಬೆವರಿರುತ್ತಿತ್ತು. ಹಿಡಿತ ಜಾರಿದಾಗಲೆಲ್ಲ ಸೆರಗಿಗೆ ಒರೆಸಿ ಮತ್ತೆ ಹಿಡಿಯುತ್ತಿದ್ದರು. ಪಾಠ ಒಂದೇ.

"ನಾನು ಕೈ ಅಮುಕಿದ ತಕ್ಷಣ ಜೋರಾಗಿ 'ಅಕ್ಕಾ' ಅಂತ ಕೂಗ್ಬೇಕು."

"ತಿರುಗಿದ್ರೆ ಏನ್ ಹೇಳ್ಲಿ?"

"ಏನೂ ಬೇಡ ಕಂದಾ. ಮುಖ ನೋಡ್ಬೇಕು, ಅಷ್ಟೇ."

ಹೆಸರು ಹೇಳಿಕೊಡಲಿಲ್ಲ. ಹೇಳಿಕೊಡಬೇಕಾದರೆ ಅವರೇ ಅದನ್ನು ಉಚ್ಚರಿಸಬೇಕಿತ್ತು.

ಒಂದು ಶನಿವಾರ ರಸೆಲ್ ಮಾರುಕಟ್ಟೆಯ ಸೊಪ್ಪಿನ ಸಾಲಿನಲ್ಲಿ ನನ್ನ ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುವಷ್ಟು ಆಂಟಿಯ ಕೈ ಬಿಗಿಯಾಯಿತು. ಅದು ಸನ್ನೆಯೋ, ಭಯಕ್ಕೆ ಕೈ ಹಾಗೇ ಬಿಗಿದುಕೊಂಡಿತೋ ಇವತ್ತಿಗೂ ಹೇಳಲಾರೆ. ನಾನು ಕೂಗಿದೆ. ಇದ್ದಬದ್ದ ಉಸಿರೆಲ್ಲ ಹಾಕಿ ಕೂಗಿದೆ.

ಸಾಲಿಗೆ ಸಾಲೇ ತಿರುಗಿತು. ಸೊಪ್ಪು ಮಾರುವವರು, ಕೊಳ್ಳುವವರು, ನಿಂಬೆಹಣ್ಣಿನ ಬುಟ್ಟಿಯವರು, ಹೂವಿನವರು. ಆ ಮಾರುಕಟ್ಟೆಯಲ್ಲಿ ಅಕ್ಕ ಅಲ್ಲದವರು ಯಾರಿದ್ದರು? "ಏನ್ ಚಿನ್ನಾ, ಯಾವ ಅಕ್ಕ ಬೇಕು ನಿಂಗೆ? ಆರಿಸ್ಕೋ!" ಎಂದು ನಿಂಬೆಹಣ್ಣಿನವಳು ಅಂದದ್ದಕ್ಕೆ ಎಲ್ಲರೂ ನಕ್ಕರು. ಇದನ್ನು ಆಂಟಿ ಯೋಚಿಸಿಯೇ ಇರಲಿಲ್ಲ. ಇಷ್ಟು ವಾರ ಸುತ್ತಿದ್ದ ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ.

ಒಬ್ಬಳು ಮಾತ್ರ ತಿರುಗಲಿಲ್ಲ. ಹಸಿರು ಸೀರೆ. ಚೌಕಾಸಿಯನ್ನು ಅರ್ಧಕ್ಕೇ ಬಿಟ್ಟು ಮುಂದೆ ನಡೆದಳು. ಅವಳ ಸೊಂಟದ ಮೇಲಿದ್ದ ಮಗು ಹೆಗಲ ಮೇಲಿಂದ ನಮ್ಮನ್ನೇ ನೋಡುತ್ತ ಹೋಯಿತು. ಆ ಮಗುವಿನ ಬಗ್ಗೆ ನನಗೆ ಅನುಮಾನವಿದೆ. ನನಗೆ ಮಗಳು ಹುಟ್ಟುವ ಮೊದಲು ಈ ನೆನಪಿನಲ್ಲಿ ಮಗು ಇತ್ತೆಂದು ಪ್ರಮಾಣ ಮಾಡಿ ಹೇಳಲಾರೆ. ಸೀರೆ ಹಸಿರೆಂದು ಸಹ...

ಆಂಟಿ ಹಿಂದೆ ಓಡಲಿಲ್ಲ. ಎರಡನೆಯ ಸಲ ಕೂಗು ಅನ್ನಲಿಲ್ಲ. ನಿಂತಲ್ಲೇ ನಿಂತು, ಒಂದು ಕಟ್ಟು ಪುದೀನ ಕೊಂಡು, ನನ್ನನ್ನು ಮನೆಗೆ ಕರೆದುಕೊಂಡು ಬಂದರು. ಅದಾದ ಮೇಲೆ ಊರು ತೋರಿಸುವುದು ನಿಂತುಹೋಯಿತು. ಶನಿವಾರ ಬಾಗಿಲಲ್ಲಿ ನಿಂತಿರುತ್ತಿದ್ದೆ; ಅವರು ಅಕ್ಕಿ ಆರಿಸುತ್ತ ತಲೆ ಎತ್ತುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ನಾವು ಮನೆ ಬದಲಿಸಿದೆವು.

ಮಾರುಕಟ್ಟೆಯಿಂದ ಬಂದು ಕೆರೆಯ ದಂಡೆಯಲ್ಲಿ ಕೂತು ಇಷ್ಟನ್ನು ಮಗಳಿಗೆ ಹೇಳಿದೆ. ಭಾನುವಾರದ ಯೋಜನೆಯನ್ನು ಅವಳು ಆಗಲೇ ಬದಲಿಸಿದಳು: ಆಂಟಿಯ ಮನೆ ಹುಡುಕಿಕೊಂಡು ಹೋಗುವುದು.

ಮರ್ಫಿ ಟೌನಿನ ಆ ವಠಾರ ಇದ್ದಲ್ಲಿ ಈಗ ಕಿರಿದಾದ, ಎತ್ತರದ ಕಟ್ಟಡ. ಮಹಡಿ ಮಹಡಿಗೂ ಬಾಡಿಗೆ ಕೋಣೆಗಳು. ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದ ಕಲಬುರಗಿ ಕಡೆಯ ಹೆಂಗಸು, "ಯಾರ್ ಬೇಕಾಗಿತ್ರಿ ಅಕ್ಕಾರ? ನಾವೂ ಹೊಸಬರೇ ಅದೀವ್ರಿ" ಎಂದಳು. ನನಗೆ ಹೇಳಲು ಹೆಸರಿರಲಿಲ್ಲ. ಆಂಟಿಯದೂ ಇಲ್ಲ, ಮಗಳದೂ ಇಲ್ಲ. ಬೀದಿಯ ತಿರುವಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಮುದುಕರ ಹತ್ತಿರ, ಹೊಸಿಲ ಮೇಲೆ ಕೂತಿರುತ್ತಿದ್ದವರ ಮನೆ ಎಂದು ವಿವರಿಸಿದೆ.

"ಓ, ಆಯಪ್ಪನ ಮನೆನಾ! ಆಯಪ್ಪ ಇಲ್ಲೇ ತೀರ್ಕೊಂಡ್ರು. ಆಮೇಲೆ ಆಯಮ್ಮನ್ನ ಕೆ.ಆರ್. ಪುರಂಗೆ ಕರ್ಕೊಂಡ್ ಹೋದ್ರು, ಮಗಳ ಮನೆಗೆ. ಅಲ್ಲೇ ತೀರಿಕೊಂಡ್ರು ಅಂದ್ರಮ್ಮಾ, ತುಂಬಾ ವರ್ಷ ಆಯ್ತು."

"ಯಾವ ಮಗಳು?"

"ಯಾವ ಮಗಳು ಅಂದ್ರೆ? ಮಗಳಮ್ಮಾ. ಎಷ್ಟ್ ಜನ ಇದ್ರು ಅಂತ ನಾನ್ ಹೋಗಿ ನೋಡಿದ್ನಾ?" ಎಂದು ನಕ್ಕು ಅವರು ಇಸ್ತ್ರಿಯ ಅಂಗಿಯ ತೋಳನ್ನು ಮಗುಚಿ ಹಾಸಿಕೊಂಡರು.

ನನ್ನ ಮಗಳು ಬೀದಿಯಲ್ಲೇ ಕುಣಿದಳು. "ಸಿಕ್ಕಿದ್ದಾಳೆ ಅಮ್ಮಾ! ಅದೇ ಮಗಳು! ಬಂದು ಕರ್ಕೊಂಡ್ ಹೋಗಿದ್ದಾಳೆ!" ಅವಳ ಮುಖದಲ್ಲಿದ್ದ ಸಂತೋಷವನ್ನು ನಾನೂ ಸ್ವಲ್ಪ ತೆಗೆದುಕೊಳ್ಳಬಹುದಿತ್ತು. ಆಗಲಿಲ್ಲ. ಆಂಟಿ ಹೋಗಿ ವರ್ಷಗಳಾಗಿವೆ, ನನಗೆ ಆ ಸುದ್ದಿ ಮುಟ್ಟಿದ್ದು ಈಗ. ಅಷ್ಟು ಮಾತ್ರ ಗಟ್ಟಿಯಾಗಿ ತಿಳಿದದ್ದು.

ಮನೆಗೆ ಬರುವ ಆಟೋದಲ್ಲಿ ಆ ಎದುರುಮನೆಯ ಒಳಗನ್ನು ನೆನಪಿನಲ್ಲೇ ಮತ್ತೆ ಮತ್ತೆ ನೋಡಿಕೊಂಡೆ. ಒಲೆ, ಮಂಚ, ಹೊಸಿಲು. ಎಷ್ಟು ಸಲ ನೋಡಿದರೂ ಅಲ್ಲಿ ಇಬ್ಬರೇ ಇದ್ದರು. ದೊಡ್ಡ ಮಗಳೊಬ್ಬಳು ಮೊದಲೇ ಮದುವೆಯಾಗಿ ಕೆ.ಆರ್. ಪುರದಲ್ಲಿದ್ದಿರಬಹುದು, ನಾವಿದ್ದಷ್ಟು ದಿನ ಅವಳು ಬಾರದೇ ಇದ್ದಿರಬಹುದು. ಆಂಟಿಗೆ ಇನ್ನೊಬ್ಬ ಮಗಳಿದ್ದಳೇ, ನನಗೆ ಗೊತ್ತಿಲ್ಲ.