ಕಿತ್ತಳೆ ಹಣ್ಣಿನ ಚಿತ್ರದ ಬೆಲೆ

ಎಪ್ಪತ್ತರ ದಶಕದಲ್ಲಿ ಸೋದರಮಾವ ಮುಂಬೈಯಿಂದ ತಂದುಕೊಟ್ಟ ಪಾಪ್ ಆರ್ಟ್ ಅಚ್ಚುಚಿತ್ರವೊಂದು ಸಿರುಗುಪ್ಪದ ನಮ್ಮ ಪಡಸಾಲೆಯಲ್ಲಿತ್ತು. ಜಾಹೀರಾತಿನಂತೆ ದಪ್ಪ ಕಪ್ಪು ಗೆರೆಯೊಳಗೆ ಎರಡು ಕಿತ್ತಳೆ, ಒಂದು ಸೋಡಾ ಬಾಟಲಿ. ಒಮ್ಮೆ ಬಳ್ಳಾರಿಯಲ್ಲಿ ನೆಲೆಸಿದ್ದ ಮಾವನ ಜೊತೆ ಬಂದ, ಚಿತ್ರ ಸಂಗ್ರಹಿಸುವ ಅವರ ಗೆಳೆಯರೊಬ್ಬರು ಮೂಲೆಯಲ್ಲಿದ್ದ ಕಲಾವಿದನ ಪೆನ್ಸಿಲ್ ಸಹಿ ನೋಡಿ, "ಅಕ್ಕಾರ, ಇಂಥವು ಕೆಲವೇ ಅದಾವ್ರಿ. ಈ ಮನಿಗಿಂತ ಇದರ ಬೆಲಿ ಹೆಚ್ಚು," ಅಂದರು.

ಅಂದಿನಿಂದ ಅವ್ವ ಹಗಲಲ್ಲೂ ಬಾಗಿಲಿಗೆ ಚಿಲಕ ಹಾಕತೊಡಗಿದಳು. ಯಾರಾದರೂ ಬಾಗಿಲು ಬಡಿದರೆ ಬೆವರುತ್ತಿದ್ದಳು. ಅವಳ ಮುಖ ನೋಡಿ ನಾನೂ ಓಡಿಹೋಗಿ ಚಿತ್ರಕ್ಕೆ ಅಡ್ಡ ನಿಲ್ಲುತ್ತಿದ್ದೆ. ಒಂದು ಮಧ್ಯಾಹ್ನ ಗಾಳಿಗೆ ಚಿತ್ರ ಬೋರಲಾಗಿ ಬಿದ್ದು ಗಾಜು ಒಡೆಯಿತು. ಎತ್ತಿ ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅಪ್ಪ ಬಂದು ತಿರುಗಿಸಿದರು. ಕಾಗದಕ್ಕೆ ಏನೂ ಆಗಿರಲಿಲ್ಲ.

"ನಾಳೇನ ನನ್ನ ತಮ್ಮಗ ಕೊಟ್ಟು ಬರ್ರಿ," ಅಂದಳು ಅವ್ವ. ಮರುದಿನ ಬಸ್ಸು ಬಳ್ಳಾರಿ ಮುಟ್ಟುವವರೆಗೂ ಅಪ್ಪ ಅದನ್ನು ತೊಡೆಯಿಂದ ಇಳಿಸಲಿಲ್ಲವಂತೆ.