ಗಾಜು ಬೇರೆ, ಎಲೆ ಬೇರೆ

ಬೀದಿದೀಪಗಳು ಇನ್ನೂ ಆರಿಲ್ಲ. ಮೂಲೆಮನೆಯ ಗೇಟಿನ ಮುಂದೆ ಕಸದ ಗಾಡಿ ಗುರುಗುಟ್ಟುತ್ತ ನಿಲ್ಲುತ್ತದೆ. ಹಿಂದಿನ ಮೆಟ್ಟಿಲಿನಿಂದ ಧುಮುಕಿದ ಹೆಂಗಸೊಬ್ಬರು ಎಡಗೈಯಲ್ಲಿ ಡಬ್ಬದ ಮುಚ್ಚಳ ಎತ್ತಿ, ಬಲಗೈಗೆ ಕಟ್ಟಿಕೊಂಡ ಕಬ್ಬಿಣದ ಕೊಕ್ಕೆಯಿಂದ ಅದನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಹಸಿ ಕಸ ಒಂದು ಕಡೆ. ರದ್ದಿ, ಪ್ಲಾಸ್ಟಿಕ್ಕು, ತಗಡು ಇನ್ನೊಂದು ಕಡೆ. ಕೈತೋಟದ ಎಲೆ, ರೆಂಬೆ ಮೇಲಿನ ಜಾಲರಿಗೆ. ರಾತ್ರಿಯ ಗಾಳಿಗೆ ಮರಗಳೆಲ್ಲ ಮೈ ಕೊಡವಿಕೊಂಡಿವೆ. ಗೇಟಿಗೊಂದರಂತೆ ಎಲೆಚೀಲಗಳು ಕಾದು ನಿಂತಿವೆ. ಪ್ರತಿ ಚೀಲವನ್ನೂ ಅವರು ಮೊದಲು ಅಲ್ಲಾಡಿಸಿ ಕಿವಿಗೊಡುತ್ತಾರೆ. ಸರಸರ ಎಂದರೆ ಗಾಡಿಗೆ ಹೋಯಿತು. ಟಣ್ ಎಂದರೆ ಅಲ್ಲೇ ಉಳಿಯಿತು.

“ಏನ್ ಗಾಡಿಯಕ್ಕಾ, ಚೀಲದ ಜೊತೆ ಮಾತುಕತೆನಾ?” ಗಾಡಿಯ ಚಾಲಕ ಕಿಟಕಿಯಿಂದ ತಲೆ ಹಾಕಿ ಛೇಡಿಸುತ್ತಾನೆ.

“ಹೂಂ ಕಣಪ್ಪ, ನಿನಗಿಂತ ಅದೇ ಮರ್ಯಾದೆಯಾಗಿ ಉತ್ತರ ಕೊಡತ್ತೆ. ಗಾಡಿ ಮುಂದೆ ಬಿಡು.”

ಈ ಬಡಾವಣೆಗೆಲ್ಲ ಅವರು ಗಾಡಿಯಕ್ಕ. ಮಗಳನ್ನು ಶಾಲೆಗೆ ಸೇರಿಸಿದ ವರ್ಷ ಈ ಕೆಲಸಕ್ಕೆ ಬಂದವರು. ಆ ಮಗಳೀಗ ಸಿಟಿ ಬಸ್ಸು ಓಡಿಸುತ್ತಾಳೆ. ಗಂಡ ಕಿಟಕಿ, ಗೇಟು ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿದ್ದಾರೆ. ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಮನೆ ಮುಗಿಸಿ ಬಂದರೂ ಗಾಡಿಯಕ್ಕನ ಕೆಲಸ ಮುಗಿಯುವುದಿಲ್ಲ ಎಂಬುದು ಅವರ ಅತ್ತೆಯ ದೂರು. “ಮನೆಗೆ ಬಂದು ನನ್ನ ಕಸದ ಬುಟ್ಟಿ ತಪಾಸಣೆ ಮಾಡ್ತಾಳೆ ನೋಡಿ! ಈರುಳ್ಳಿ ಸಿಪ್ಪೆ ಜೊತೆ ಒಂದು ಪ್ಲಾಸ್ಟಿಕ್ ಚೂರು ಬಿದ್ದಿದ್ರೆ ನನ್ನ ಕಥೆ ಮುಗೀತು. ಈ ವಯಸ್ಸಲ್ಲಿ ಸೊಸೆಗೆ ಹೆದರಿ ಬದುಕ್ತಿದ್ದೀನಿ,” ಎಂದು ಹೇಳಿ ಅತ್ತೆ ತಾವೇ ಬಿದ್ದು ಬಿದ್ದು ನಗುತ್ತಾರೆ.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಎರಡು ವರ್ಷದ ಹಿಂದೆ ಇದೇ ಬೀದಿಯಲ್ಲಿ, ಉಬ್ಬಿಕೊಂಡಿದ್ದ ಎಲೆಚೀಲವೊಂದನ್ನು ಅವರು ಬಲಗೈಯಿಂದ ಒತ್ತಿದರು. ಒಳಗೆ ಒಡೆದ ಕಿಟಕಿ ಗಾಜಿತ್ತು. ಕೈಗವಸು ಸೀಳಿ ಅಂಗೈಗೆ ಇಳಿಯಿತು. ಚಾಲಕ ತನ್ನ ಟವೆಲ್ ಬಿಗಿದು ಕಟ್ಟಿ, ಕಸ ತುಂಬಿದ ಗಾಡಿಯಲ್ಲೇ ಆಸ್ಪತ್ರೆಗೆ ಓಡಿಸಿದ. ಗಾಯ ಮಾಯಿತು, ನರ ಕಡಿದಿದ್ದ ಎರಡು ಬೆರಳು ಮತ್ತೆ ಮಡಚಲಿಲ್ಲ.

“ನೋವಿಗಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು,” ಎನ್ನುತ್ತಾರೆ ಗಾಡಿಯಕ್ಕ. “ಯಾರೋ ಆ ಗಾಜನ್ನ ತಾವು ಮಾತ್ರ ಹುಷಾರಾಗಿ ಎತ್ತಿ ಹಾಕಿದ್ರಲ್ಲ. ಆಮೇಲೆ ಅದನ್ನ ಇನ್ನೊಬ್ಬರು ಮುಟ್ತಾರೆ ಅಂತ ಹೊಳೀಲೇ ಇಲ್ಲ.”

ಮೇಲ್ವಿಚಾರಕರು ಕನಿಕರದ ಮನುಷ್ಯ. ಡಿಪೋದ ಗೇಟಿನಲ್ಲಿ ಕುರ್ಚಿ ಹಾಕಿಕೊಡುತ್ತೇನೆ, ಗಾಡಿಗಳ ಮೇಲೆ ಕಣ್ಣಿಟ್ಟರೆ ಸಾಕು ಎಂದರು. ಮನೆಯಲ್ಲಿ ಎಲ್ಲರೂ ಒಪ್ಪಿಕೋ ಎಂದರು. ಗಾಡಿಯಕ್ಕ ಒಪ್ಪಲಿಲ್ಲ. “ನಾನು ಕುರ್ಚಿ ಮೇಲೆ ಕೂತ್ರೆ ನನ್ನ ಕೈ ಉಳೀತು. ನನ್ನ ಜಾಗಕ್ಕೆ ಬರೋಳ ಕೈ?”

ಬ್ಯಾಂಡೇಜ್ ಬಿಚ್ಚುವ ಮೊದಲೇ ಅವರು ಬೀದಿಗಿಳಿದರು, ಈ ಸಲ ಸಂಜೆ ಹೊತ್ತು. ಒಂದೊಂದೇ ಮನೆಯ ಬಾಗಿಲು ತಟ್ಟಿದರು. ಒಬ್ಬರು ಬಾಗಿಲ ಸಂದಿಯಿಂದಲೇ “ನಮ್ಮನೇದಲ್ಲಮ್ಮ” ಎಂದರು. “ನಿಮ್ಮದು ಅಂತ ನಾನೆಲ್ಲಿ ಹೇಳ್ದೆ ಸಾರ್? ನಾಳೆಯಿಂದ ಗಾಜನ್ನ ಪೇಪರಲ್ಲಿ ಸುತ್ತಿ ಬೇರೆ ಇಡಿ, ಅಷ್ಟೇ.” ಇನ್ನೊಬ್ಬರು ಕೈಗವಸು ಕೊಡಲಿಲ್ಲವೇ ಎಂದು ಕೇಳಿದರು. ಸೀಳಿದ ಕೈಗವಸು ಅವರ ಹೆಗಲಚೀಲದಲ್ಲೇ ಇತ್ತು, ತೆಗೆದು ತೋರಿಸಿದರು. ಕೆಲವರು ಮುಖಕ್ಕೇ ಬಾಗಿಲು ಹಾಕಿಕೊಂಡರು. ಆ ಮನೆಗಳಿಗೆ ಮರುದಿನ ಮತ್ತೆ ಹೋದರು.

ಗಂಡ ಕೊಕ್ಕೆ ಮಾಡಿಕೊಟ್ಟರು, ಮಣಿಕಟ್ಟಿಗೆ ಬಿಗಿಯುವ ಚರ್ಮದ ಪಟ್ಟಿಯೊಡನೆ. ಗಾಡಿಯಕ್ಕ ಕೆಲಸಕ್ಕೆ ಮರಳಿದರು. ಬೆರಕೆ ಚೀಲ ಮಾತ್ರ ಮುಟ್ಟಲಿಲ್ಲ. ಹಳದಿ ಗೇಟಿನ ಮನೆಯ ಚೀಲ ದಿನಗಟ್ಟಲೆ ಕೊಳೆತು ನಾರಿತು. ಕಚೇರಿಗೆ ದೂರು ಹೋಯಿತು. ಮೇಲ್ವಿಚಾರಕರು ಬೈದು, ನಾಳೆ ಎತ್ತಲೇಬೇಕು ಎಂದರು. ಬೆಳಿಗ್ಗೆ ಆ ಮನೆಯ ಯಜಮಾನಿ ಸೊಂಟಕ್ಕೆ ಕೈಯಿಟ್ಟು ಗೇಟಿನಲ್ಲೇ ನಿಂತಿದ್ದರು. “ನಿಮಗೆ ಸಂಬಳ ಕೊಡೋದು ಯಾಕೆ?”

ಗಾಡಿಯಕ್ಕ ರಸ್ತೆ ಮೇಲೆ ತಾಡಪಾಲು ಹಾಸಿ ಚೀಲ ಸುರಿದರು. “ಬನ್ನಿ ಮೇಡಂ, ಇಬ್ರೂ ಸೇರಿ ಬೇರೆ ಮಾಡೋಣ.” ಅಕ್ಕಪಕ್ಕದ ಕಿಟಕಿಗಳು ತೆರೆದುಕೊಂಡವು. ಯಜಮಾನಿ ಕೆಂಪಾದರು, ಒಳಗೆ ಹೋದರು. ಇನ್ನು ಬರುವುದಿಲ್ಲ ಎಂದು ಚಾಲಕ ಎಂಜಿನ್ ಚಾಲೂ ಮಾಡುವಷ್ಟರಲ್ಲಿ, ಪಾತ್ರೆ ತೊಳೆಯುವ ರಬ್ಬರ್ ಗವಸು ಹಾಕಿಕೊಂಡು ಹೊರಬಂದು ಕುಕ್ಕರಗಾಲಲ್ಲಿ ಕುಳಿತರು. ಎಲೆಗಳ ನಡುವೆ ಕ್ಷೌರದ ಬ್ಲೇಡು ಸಿಕ್ಕಿತು. ಅದನ್ನು ನೋಡಿ, ಗಾಡಿಯಕ್ಕನ ಕೈ ನೋಡಿ, ಮನೆಯತ್ತ ತಿರುಗಿ ಯಜಮಾನಿ ಗಂಡನನ್ನು ಕೂಗಿದ ಕೂಗು ಇಡೀ ಬೀದಿಗೆ ಕೇಳಿಸಿತು.

“ಈಗ ನನಗಿಂತ ಅವರೇ ಬಿಗಿ,” ಗಾಡಿಯಕ್ಕ ನಗುತ್ತಾರೆ. “ಪಕ್ಕದ ಮನೆ ಡಬ್ಬಕ್ಕೂ ಇಣುಕ್ತಾರೆ. ಮೇಡಂ, ನನ್ನ ಕೆಲ್ಸಾನಾದ್ರೂ ನನಗೆ ಬಿಡಿ ಅಂತೀನಿ.”

ಈ ಬೀದಿಯಲ್ಲಿ ಗಾಜು ಈಗ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಎಲೆ ಎಲೆಯಾಗಿಯೇ ಗೊಬ್ಬರದ ಗುಂಡಿಗೆ ಹೋಗುತ್ತದೆ. ಅಪರೂಪಕ್ಕೊಂದು ಚೀಲ ಟಣ್ ಎಂದರೆ, ಮಧ್ಯಾಹ್ನದೊಳಗೆ ಮನೆಯವರೇ ಬಿಚ್ಚಿ ಸರಿಮಾಡಿರುತ್ತಾರೆ. ಸುಖವಾಗಿ ಇದೇ ಬೀದಿಯಲ್ಲಿ ಇದ್ದುಬಿಡಬಹುದು. ಗಾಡಿಯಕ್ಕ ಮಾತ್ರ ಮೇಲ್ವಿಚಾರಕರನ್ನು ಬೆನ್ನುಹತ್ತಿ ಮುಂದಿನ ತಿಂಗಳಿಂದ ಮಾರುಕಟ್ಟೆ ಹಿಂದಿನ ಓಣಿಗಳನ್ನು ಕೇಳಿ ಪಡೆದಿದ್ದಾರೆ. ಅಲ್ಲಿ ಎಲ್ಲವೂ ಒಂದೇ ಚೀಲಕ್ಕೆ. ಹೋದ ವಾರವಷ್ಟೇ ಹೊಸ ಹುಡುಗಿಯೊಬ್ಬಳ ಬೆರಳು ಕೊಯ್ದಿದೆ.

ಗಂಡನಿಗೆ ಇಷ್ಟವಿಲ್ಲ. ಸಾಕಾಗಲಿಲ್ಲವೇ ಎಂದು ಕೇಳುತ್ತಲೇ ಕೊಕ್ಕೆಯ ಪಟ್ಟಿಗೆ ಹೊಸ ಹೊಲಿಗೆ ಹಾಕಿಸಿ ತಂದಿದ್ದಾರೆ.

“ಅಲ್ಲೂ ಬೈತಾರೆ, ಬೈಲಿ,” ಗಾಡಿಯಕ್ಕ ಮೆಟ್ಟಿಲೇರಿ ಕಂಬಿ ಹಿಡಿಯುತ್ತಾರೆ. “ಎಡಗೈಲಿ ಬಾಗಿಲು ತಟ್ತೀನಿ. ಬಲಗೈ ತೋರಿಸ್ತೀನಿ.”